ಅನ್‌ಡೂ ಎಲ್ಲಿ ಹೋಯಿತು? ಹೊಸ ಆಫೀಸ್ ಪರದೆ ಮತ್ತು ಕಲಬುರಗಿಯ ಸಿಡುಕು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೂ, ವರ್ಡ್, ಎಕ್ಸೆಲ್ ಸೇರಿದ ಆಫೀಸ್ 2016 ಮತ್ತು ಆಫೀಸ್ 2019ಕ್ಕೂ ಕೊಡುತ್ತಿದ್ದ ಬೆಂಬಲವನ್ನು ಒಂದೇ ದಿನ ನಿಲ್ಲಿಸಿತು. ಸುದ್ದಿ ಓದಿದ ಹಲವರಿಗೆ ಗೊಂದಲ. ನಾಳೆಯಿಂದ ಕಂಪ್ಯೂಟರ್ ಚಾಲೂ ಆಗುವುದಿಲ್ಲವೇ? ಫೈಲುಗಳು ಹೋಗಿಬಿಡುತ್ತವೆಯೇ? ಹಾಗೇನೂ ಇಲ್ಲ. ಹಳೆಯ ಆಫೀಸ್ ಮೊದಲಿನಂತೆಯೇ ತೆರೆಯುತ್ತದೆ, ಪ್ರಿಂಟ್ ಕೊಡುತ್ತದೆ. ನಿಂತದ್ದು ಮುಖ್ಯವಾಗಿ ಭದ್ರತೆಯ ಅಪ್‌ಡೇಟ್‌ಗಳು.

ಆದರೆ ಆ ಭಯಕ್ಕೋ, ಹೊಸ ಯಂತ್ರ ಕೊಂಡ ನೆಪಕ್ಕೋ ಹೊಸ ಆವೃತ್ತಿ ಹಾಕಿಸಿಕೊಂಡವರಿಗೆ ಬೇರೆಯದೇ ತೊಂದರೆ ಎದುರಾಗುತ್ತದೆ. ಪರದೆಯೇ ಬೇರೆ. ಮಾಡಿದ್ದನ್ನು ರದ್ದುಮಾಡಲು ಮೇಲಿನ ಎಡ ಮೂಲೆಯಲ್ಲಿದ್ದ ಅನ್‌ಡೂ ಬಟನ್ ಅಲ್ಲಿಲ್ಲ. ಚಂದಾ ಕಟ್ಟುವ ಆವೃತ್ತಿಯಾದರೆ ಕೋಪೈಲಟ್ ಎಂಬ ಎಐ ಸಹಾಯಕ ಕರೆಯದೆಯೇ ಇಣುಕುತ್ತದೆ. ಫೈಲ್ ಉಳಿಸಲು ಹೋದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಮುಂದೆ ಬಂದು ನಿಲ್ಲುತ್ತದೆ. ಕಲಬುರಗಿಯ ಡಿಟಿಪಿ ಅಂಗಡಿಯಿಂದ ಬೀದರ್, ಯಾದಗಿರಿಯ ಕಚೇರಿಗಳ ತನಕ ಕೇಳುವ ಮಾತು ಒಂದೇ: “ಇಲ್ಲೇ ಇತ್ತಲ್ಲರೀ, ಎಲ್ಲಿ ಹೋತು?”

ಬದಲಾವಣೆಗೆ ಒಗ್ಗದವರ ಗೊಣಗಾಟ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಈ ಸಿಡುಕಿನ ಹಿಂದೆ ಒಂದು ಲೆಕ್ಕವಿದೆ. ಬದಲಾವಣೆಯ ಲಾಭ ಒಬ್ಬರ ಖಾತೆಗೆ ಹೋಗುತ್ತಿದೆ, ಅದರ ಖರ್ಚು ಬೀಳುತ್ತಿರುವುದು ಇನ್ನೊಬ್ಬರ ಮೇಲೆ.

2007ರ ಹಳೆಯ ಜಗಳ

ಈ ಜಗಳ ಶುರುವಾದದ್ದು ನಿನ್ನೆ ಮೊನ್ನೆಯಲ್ಲ. 2007ರ ತನಕ ವರ್ಡ್, ಎಕ್ಸೆಲ್ ಎಂದರೆ ಮೇಲೊಂದು ಮೆನು ಸಾಲು, ಅದರ ಕೆಳಗೆ ಚಿಕ್ಕ ಚಿತ್ರಗಳ ಟೂಲ್‌ಬಾರ್. ಆಫೀಸ್ 2007 ಇವೆರಡನ್ನೂ ಕಿತ್ತು ರಿಬ್ಬನ್ ಎಂಬ ಅಗಲವಾದ ಪಟ್ಟಿ ತಂದಿತು. ಹೋಮ್, ಇನ್ಸರ್ಟ್, ಪೇಜ್ ಲೇಔಟ್ ಎಂಬ ಟ್ಯಾಬ್‌ಗಳಲ್ಲಿ ಯಾವುದನ್ನು ಒತ್ತಿದರೂ ಪಟ್ಟಿಯ ಮೇಲಿನ ಬಟನ್‌ಗಳೆಲ್ಲ ಅದಲುಬದಲು. ಫೈಲ್ ಎಂಬ ಹೆಸರನ್ನೂ ತೆಗೆದು ಮೂಲೆಯಲ್ಲಿ ದುಂಡನೆಯ ಲಾಂಛನ ಕೂರಿಸಿದರು. ಅದು ಬರೀ ಅಲಂಕಾರವೆಂದುಕೊಂಡು ಪ್ರಿಂಟ್ ಎಲ್ಲಿದೆಯೆಂದು ಹುಡುಕಿ ಸುಸ್ತಾದವರಿಗೆ ಲೆಕ್ಕವಿಲ್ಲ.

2010ರ ಆವೃತ್ತಿಯಲ್ಲಿ ಫೈಲ್ ಮರಳಿ ಬಂತು. ರಿಬ್ಬನ್ನಿನ ಟ್ಯಾಬ್‌ಗಳನ್ನು ಬೇಕಾದಂತೆ ಜೋಡಿಸಿಕೊಳ್ಳುವ ಅವಕಾಶ 2007ರಲ್ಲಿ ಇರಲಿಲ್ಲ. ಅದೂ 2010ರಲ್ಲಿ ಸಿಕ್ಕಿತು. ಬಳಸುವವರ ಸಿಟ್ಟಿಗೆ ಕವಡೆಯ ಕಿಮ್ಮತ್ತೂ ಇಲ್ಲ ಎನ್ನುವವರು ಈ ಎರಡು ತಿದ್ದುಪಡಿಗಳನ್ನು ನೆನೆಯಬೇಕು.

ಆಗ ಇನ್ನೊಂದು ಅನುಕೂಲವೂ ಇತ್ತು. ಬೇಡವೆಂದವರು ಹಳೆಯದರಲ್ಲೇ ಇರಬಹುದಿತ್ತು. ಆಫೀಸ್ 2003ಕ್ಕೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ರಿಬ್ಬನ್ ಬಂದು ಏಳು ವರ್ಷವಾದ ಮೇಲೆ! ಅಷ್ಟರಲ್ಲಿ ತರಬೇತಿ ಕೇಂದ್ರಗಳ ಪಾಠ ಬದಲಾಯಿತು, ಹೊಸ ಹುಡುಗರು ರಿಬ್ಬನ್ನಿನಲ್ಲೇ ಕಲಿತು ಬಂದರು, ಹಿರಿಯರೂ ನಿಧಾನಕ್ಕೆ ಹೊಂದಿಕೊಂಡರು. ಇಂದು ರಿಬ್ಬನ್ನೇ “ಹಳೆಯದು”, ಅದನ್ನು ಮುಟ್ಟಿದರೆ ಸಿಟ್ಟು. ಹಾಗೆ ನೋಡಿದರೆ 2007ರಲ್ಲಿ ಬೈದವರ ಶಿಷ್ಯರೇ ಇವತ್ತು ಬೈಯುತ್ತಿದ್ದಾರೆ.

ಈಗ ಆ ಸಾವಕಾಶ ಇಲ್ಲ. ಮೈಕ್ರೋಸಾಫ್ಟ್ 365ರಂಥ ಚಂದಾ ಸಾಫ್ಟ್‌ವೇರ್‌ನಲ್ಲಿ ಆವೃತ್ತಿ ಎನ್ನುವುದೇ ಕರಗಿಹೋಗಿದೆ. ಇಂಟರ್‌ನೆಟ್ ಇದ್ದರೆ ಬದಲಾವಣೆ ತಾನಾಗಿ ಇಳಿಯುತ್ತದೆ. 2021ರ ಕೊನೆಗೆ ಹೀಗೆಯೇ ಹೊಸ ನೋಟ ಬಂತು: ಮೂಲೆಗಳು ದುಂಡಗಾದವು, ಪದೇ ಪದೇ ಬೇಕಾಗುವ ಬಟನ್‌ಗಳ ಕ್ವಿಕ್ ಆಕ್ಸೆಸ್ ಪಟ್ಟಿ ಮೇಲಿನಿಂದ ಮರೆಯಾಯಿತು, ಅನ್‌ಡೂ ಹೋಮ್ ಟ್ಯಾಬಿನೊಳಗೆ ಸೇರಿತು. ಮೊದಮೊದಲು ಹಳೆಯ ನೋಟಕ್ಕೆ ಮರಳುವ ಗುಂಡಿ ಇತ್ತು. ಆಮೇಲೆ ಅದೂ ಹೋಯಿತು. ಆಫೀಸ್ 2016ರಿಂದ ನೇರವಾಗಿ ಇತ್ತೀಚಿನದಕ್ಕೆ ಬಂದವರಿಗೆ ಇಷ್ಟು ವರ್ಷಗಳ ಬದಲಾವಣೆ ಒಂದೇ ಬೆಳಗ್ಗೆ ಎದುರಾಗುತ್ತದೆ.

ಕಂಪನಿಯ ವಾದದಲ್ಲೂ ಹುರುಳಿದೆ

ಕೆಲಸವಿಲ್ಲದವರು ಕುಳಿತು ಬಟನ್ ಅತ್ತಿತ್ತ ಸರಿಸುತ್ತಾರೆ ಎಂಬ ಬೈಗುಳ ಅರ್ಧ ಮಾತ್ರ ನಿಜ. ವರ್ಡ್‌ನ ಮೊದಲ ಆವೃತ್ತಿಯಲ್ಲಿ ನೂರರ ಆಸುಪಾಸಿನಲ್ಲಿದ್ದ ಆದೇಶಗಳು (ಕಮಾಂಡ್‌ಗಳು) 2003ರ ಹೊತ್ತಿಗೆ 1,500 ದಾಟಿದ್ದವು. ಟೂಲ್‌ಬಾರ್‌ಗಳೇ 31. ಜನ ಕೇಳುತ್ತಿದ್ದ ಎಷ್ಟೋ ಸೌಲಭ್ಯಗಳು ಆಗಲೇ ಒಳಗಿದ್ದವು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಫೀಸ್ 2000ದಲ್ಲಿ ಕಡಿಮೆ ಬಳಸುವ ಆದೇಶಗಳನ್ನು ಬಚ್ಚಿಡುವ ಮೆನು ತಂದು ನೋಡಿದರು. ನಿನ್ನೆ ಕಂಡದ್ದು ಇವತ್ತು ಕಾಣದೆ ಜನ ಇನ್ನಷ್ಟು ಕಂಗೆಟ್ಟರು. ಕೊನೆಗೆ ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟುವ ತೀರ್ಮಾನಕ್ಕೆ ಬಂದರು.

ಆ ತೀರ್ಮಾನಕ್ಕೆ ಆಧಾರವಾಗಿದ್ದು, ಒಪ್ಪಿಗೆ ಕೊಟ್ಟ ಬಳಕೆದಾರರ ಕಂಪ್ಯೂಟರ್‌ಗಳಿಂದ ಬಂದ ಮಾಹಿತಿ. ವರ್ಡ್ 2003ರಲ್ಲಿ ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್ ಎಂಬ ಐದೇ ಆದೇಶಗಳು ಒಟ್ಟು ಬಳಕೆಯ ಶೇ 32ರಷ್ಟಿದ್ದವು. ಅಂದರೆ 1,500ರಲ್ಲಿ ಐದು! ಹೀಗಿದ್ದಾಗ ಹೆಚ್ಚು ಬೇಕಾದದ್ದನ್ನು ಮುಂದಿಟ್ಟು ಉಳಿದದ್ದನ್ನು ಕೆಲಸಕ್ಕೆ ತಕ್ಕಂತೆ ಗುಂಪು ಮಾಡುವುದು ತರ್ಕಬದ್ಧವೇ. ಫೋನು, ಬ್ರೌಸರು, ಲ್ಯಾಪ್‌ಟಾಪು ಎಲ್ಲೆಡೆ ಒಂದೇ ಮುಖ ಇರಲಿ ಎಂಬುದು ನಂತರದ ವರ್ಷಗಳ ಕಾರಣ. ಹೊಸಬರಿಗೆ ಇದರಿಂದ ಅನುಕೂಲವಾದದ್ದೂ ಹೌದು.

ಆದರೆ ಈ ಲೆಕ್ಕದಲ್ಲಿ ಒಂದು ಕಣ್ತಪ್ಪಿದೆ. ಸರಾಸರಿ ಎನ್ನುವುದು ಕೋಟಿಗಟ್ಟಲೆ ಜನರದು. ದಿನಕ್ಕೆ ಎರಡು ಪುಟ ಬರೆಯುವ ಮ್ಯಾನೇಜರನೂ ಬೆಳಗಿನಿಂದ ಸಂಜೆಯ ತನಕ ಬಾಡಿಗೆ ಕರಾರು, ಅಫಿಡವಿಟ್ಟು ಬಡಿಯುವ ಟೈಪಿಸ್ಟೂ ಅದರಲ್ಲಿ ಒಂದೇ ರಾಶಿ. ಇನ್ನು ಕೋಪೈಲಟ್ ಗುಂಡಿ ಇಷ್ಟು ಎದ್ದು ಕಾಣುವುದಕ್ಕೆ ಬಳಕೆದಾರನ ಅನುಕೂಲ ಕಾರಣ ಎಂದರೆ ನಂಬುವುದು ಕಷ್ಟ. ಅದು ಮಾರಾಟದ ಸರಕು. ಅಂಗಡಿಯವ ಹೊಸ ಸರಕನ್ನು ಬಾಗಿಲಲ್ಲೇ ತೂಗುಹಾಕುತ್ತಾನೆ.

ಇಲ್ಲಿ ಏಟು ಯಾಕೆ ಜೋರು

ಇದೇ ಬದಲಾವಣೆ ಬೆಂಗಳೂರಿನ ಐಟಿ ಕಚೇರಿಗೂ ಬರುತ್ತದೆ, ಕಲಬುರಗಿಯ ಮಿನಿ ವಿಧಾನಸೌಧದ ಎದುರಿನ ಅಂಗಡಿಗೂ ಬರುತ್ತದೆ. ಪೆಟ್ಟು ಒಂದೇ ಅಲ್ಲ. ಇಂಗ್ಲಿಷ್ ಸಲೀಸಾದವರು ಬಟನ್ ಜಾಗ ಬದಲಾದರೆ ಹೆಸರು ಓದಿ ಹುಡುಕುತ್ತಾರೆ, ಇಲ್ಲವೇ ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಬೇಕಾದದ್ದನ್ನು ಟೈಪಿಸುತ್ತಾರೆ. ಈ ಭಾಗದ ಎಷ್ಟೋ ಟೈಪಿಸ್ಟರು ಕಲಿತದ್ದು ಹೆಸರಿನಿಂದಲ್ಲ, ಜಾಗದಿಂದ. ಮೂರನೆಯ ಟ್ಯಾಬ್, ಎಡಗಡೆ, ಎರಡನೆಯ ಚಿತ್ರ ಎಂದು ಕೈಯೇ ನೆನಪಿಟ್ಟುಕೊಂಡಿರುತ್ತದೆ. ಜಾಗ ಬದಲಿಸಿದರೆ ಆ ಕಲಿಕೆಯಷ್ಟೂ ಅಳಿಸಿಹೋದಂತೆ. ಮೈಕ್ರೋಸಾಫ್ಟ್ ಕನ್ನಡದ ಭಾಷಾ ಪ್ಯಾಕನ್ನು ಪುಕ್ಕಟೆ ಕೊಡುತ್ತದೆ, ಪುಕ್ಕಟೆ ಸಿಗುವ ಇನ್ನೊಂದು ಸಾಫ್ಟ್‌ವೇರ್ ಲಿಬ್ರೆ ಆಫೀಸಿಗೂ ಕನ್ನಡದ ಮುಖವಿದೆ. ಆದರೆ ಪಾಠ, ವಿಡಿಯೋ, ಗೆಳೆಯನ ಸಲಹೆ ಎಲ್ಲವೂ ಇಂಗ್ಲಿಷ್ ಹೆಸರಿನಲ್ಲೇ ಬರುವುದರಿಂದ ಅದನ್ನು ಹಾಕಿಕೊಂಡವನು ಇನ್ನಷ್ಟು ಒಂಟಿಯಾಗುತ್ತಾನೆ.

ಎರಡನೆಯದು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಸಮಸ್ಯೆ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ಬಳಸದ, ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕನ್ನಡ ಕಂಪ್ಯೂಟರಿನ ಕಣ್ಣಿಗೆ ಕನ್ನಡವೇ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಹಾಕಿದ್ದು ಕನ್ನಡದ ವೇಷ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ವರ್ಡ್‌ನ ಆಟೋಕರೆಕ್ಟ್ ಚಾಲೂ ಇದ್ದರೆ ಒಳಗಿನ ಸಂಕೇತ ಬದಲಾಗುತ್ತದೆ, ಕನ್ನಡದ ಅಕ್ಷರ ಬೇರೆಯಾಗಿ ಕೂರುತ್ತದೆ. ಅದಕ್ಕೇ ನುಡಿ ಬಳಸುವ ಟೈಪಿಸ್ಟರು ಮೊದಲು ಮಾಡುವ ಕೆಲಸ ಆಟೋಕರೆಕ್ಟ್ ಆಫ್ ಮಾಡುವುದು. ಆಫೀಸ್ 2003ರಲ್ಲಿ ಅದು ಟೂಲ್ಸ್ ಮೆನುವಿನಲ್ಲೇ ಸಿಗುತ್ತಿತ್ತು. 2007ರಲ್ಲಿ ದುಂಡು ಲಾಂಛನ ಒತ್ತಿ, ವರ್ಡ್ ಆಪ್ಷನ್ಸ್‌ಗೆ ಹೋಗಿ, ಪ್ರೂಫಿಂಗ್ ತೆರೆದು, ಅದರೊಳಗಿನ ಇನ್ನೊಂದು ಗುಂಡಿ ಒತ್ತಬೇಕಾಯಿತು. ಈಗಲೂ ಫೈಲ್ ಮೂಲಕ ಅದೇ ಸುತ್ತು. ಹೊಸ ಯಂತ್ರಕ್ಕೆ ಹೊಸ ಆಫೀಸ್ ಹಾಕಿದಾಗ ಈ ಸೆಟ್ಟಿಂಗ್ ಮತ್ತೆ ಮೊದಲಿನಿಂದ ಮಾಡಬೇಕು. ಮಾಡದಿದ್ದರೆ ಅರ್ಜಿಯಲ್ಲಿ ತಪ್ಪು ಅಕ್ಷರ, ಗಿರಾಕಿಯ ಬೈಗುಳ.

ಫಾಂಟಿನದೂ ಇದೇ ಕತೆ. 2007ರಲ್ಲಿ ಟೈಮ್ಸ್ ನ್ಯೂ ರೋಮನ್ ಹೋಗಿ ಕ್ಯಾಲಿಬ್ರಿ ಮೊದಲ ಆಯ್ಕೆಯ ಫಾಂಟಾಯಿತು, 2023ರಲ್ಲಿ ಕ್ಯಾಲಿಬ್ರಿ ಹೋಗಿ ಆಪ್ಟೋಸ್ ಬಂತು. ಇಂಗ್ಲಿಷ್ ಬರೆಯುವವನಿಗೆ ಇದು ರುಚಿಯ ವಿಷಯ. ನುಡಿಯವನಿಗೆ ಹಾಗಲ್ಲ. ಪೇಸ್ಟ್ ಮಾಡುವಾಗ ಸುತ್ತಲಿನ ಫಾಂಟನ್ನೇ ಹಚ್ಚುವ ಆಯ್ಕೆ ಇದ್ದುಬಿಟ್ಟರೆ ವೇಷ ಕಳಚಿ, ಇಡೀ ಪುಟ ಟೋಪಿ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗುತ್ತದೆ. ಯುನಿಕೋಡ್‌ಗೆ ಬಂದವರಿಗೆ ಈ ಕಾಟವಿಲ್ಲ, ನಿಜ. ಆದರೆ ವರ್ಷಗಟ್ಟಲೆಯ ಹಳೆಯ ಕಡತಗಳು ನುಡಿ ಫಾಂಟಿನಲ್ಲೇ ಉಳಿದಿವೆ. ಕರಾರಿನ ನಮೂನೆ ತೆಗೆದು ಹೆಸರಷ್ಟೇ ತಿದ್ದುವ ಕೆಲಸದಲ್ಲಿ ಅವೇ ಬಂಡವಾಳ.

ಮೂರನೆಯದು ಹಣ. ಪುಟಕ್ಕೆ ಇಷ್ಟು ಎಂದು ಕೂಲಿ ಪಡೆಯುವವರಿಗೆ ನಿಮಿಷವೇ ರೊಕ್ಕ. ಲೆಕ್ಕಕ್ಕೆಂದು ಒಂದು ಪುಟಕ್ಕೆ ಆರು ನಿಮಿಷ ಹಿಡಿಯೋಣ. ತಾಸಿಗೆ ಹತ್ತು ಪುಟ. ಬಟನ್ ಹುಡುಕಲು ಪುಟಕ್ಕೆ ಒಂದೇ ನಿಮಿಷ ಹೆಚ್ಚಾದರೆ ತಾಸಿಗೆ ಒಂಬತ್ತೂ ಆಗುವುದಿಲ್ಲ. ಸಂಬಳದ ನೌಕರನಿಗೆ ಆ ನಿಮಿಷದ ನಷ್ಟ ಕಚೇರಿಯದು, ಅಂಗಡಿಯವನಿಗೆ ತನ್ನದೇ. ಜೊತೆಗೆ ಪರದೆ ಸಣ್ಣದು. 768 ಪಿಕ್ಸೆಲ್ ಎತ್ತರದ ಹಳೆಯ ಲ್ಯಾಪ್‌ಟಾಪಿನಲ್ಲಿ ರಿಬ್ಬನ್ ತಿಂದ ಮೇಲೆ ಕಾಗದಕ್ಕೆ ಉಳಿಯುವ ಜಾಗ ಕಡಿಮೆ. ಕಂಟ್ರೋಲ್ ಮತ್ತು ಎಫ್1 ಒತ್ತಿದರೆ ರಿಬ್ಬನ್ ಮಡಚಿಕೊಳ್ಳುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಗಂಜಿನಲ್ಲಿ ಟ್ಯಾಲಿ ಮಾಡಿದ್ದೇನು

ಹೋಲಿಸಿ ನೋಡಲು ಊರಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಕಲಬುರಗಿಯ ಧಾನ್ಯದ ಮಾರುಕಟ್ಟೆಯಾದ ನೆಹರೂ ಗಂಜಿನ ಅಡತಿ ಅಂಗಡಿ, ದಾಲ್ ಮಿಲ್ಲುಗಳಲ್ಲಿ ಲೆಕ್ಕ ಬರೆಯುವವರಿಗೆ ವರ್ಡ್‌ಗಿಂತ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಹತ್ತಿರ. ಬೆಂಗಳೂರಿನ ಆ ಕಂಪನಿ 2020ರ ನವೆಂಬರ್‌ನಲ್ಲಿ ಟ್ಯಾಲಿ ಇಆರ್‌ಪಿ 9ರ ಜಾಗಕ್ಕೆ ಟ್ಯಾಲಿ ಪ್ರೈಮ್ ತಂದಿತು. ಪರದೆಯ ರೂಪ ಪೂರಾ ಬದಲು. ಬಹಳಷ್ಟು ಕೀಲಿಗಳೂ ಬದಲಾದವು: ಕ್ರೆಡಿಟ್ ನೋಟಿಗೆ ಕಂಟ್ರೋಲ್–ಎಫ್8 ಹೋಗಿ ಆಲ್ಟ್–ಎಫ್6 ಬಂತು, ಡೆಬಿಟ್ ನೋಟಿಗೆ ಕಂಟ್ರೋಲ್–ಎಫ್9 ಹೋಗಿ ಆಲ್ಟ್–ಎಫ್5. ಕಂಪನಿ ಆರಿಸುವ ಎಫ್1 ಸಹಾಯದ ಕೀಲಿಯಾಯಿತು, ಕಂಪನಿಯ ಕೆಲಸ ಎಫ್3ಕ್ಕೆ ಹೋಯಿತು. ಗೊಣಗಾಟ ಅಲ್ಲೂ ಇತ್ತು.

ಆದರೂ ಅದು ಬೇಗ ತಣ್ಣಗಾಯಿತು. ಕಾರಣ, ಮುಟ್ಟಬಾರದ್ದನ್ನು ಅವರು ಮುಟ್ಟಲಿಲ್ಲ. ಎಫ್4ರಿಂದ ಎಫ್9ರ ತನಕ ಕಾಂಟ್ರಾ, ಪೇಮೆಂಟ್, ರಿಸೀಟ್, ಜರ್ನಲ್, ಸೇಲ್ಸ್, ಪರ್ಚೇಸ್ ಇದ್ದಲ್ಲೇ ಉಳಿದವು. ನಮೂದು ಒಪ್ಪಿಸುವ ಕಂಟ್ರೋಲ್–ಎ ಹಾಗೆಯೇ. ತೊಗರಿ ಆವಕದ ದಿನಗಳಲ್ಲಿ ಸಾಲುಸಾಲು ಖರೀದಿ ಹೊಡೆಯುವ ಕೈಗೆ ಪರದೆಯ ಬಣ್ಣ ಯಾವುದಾದರೇನು? ತೊಂದರೆಯಾದದ್ದು ಅಪರೂಪಕ್ಕೆ ಬೇಕಾಗುವ ಕಡೆ. ಅಲ್ಲಿ ಆಲ್ಟ್–ಜಿ ಒತ್ತಿ ಹೆಸರಿನಿಂದ ಹುಡುಕುವ ದಾರಿ ಕೊಟ್ಟರು.

ಮೈಕ್ರೋಸಾಫ್ಟ್ ಕೂಡ ಕೀಲಿಗಳ ವಿಷಯದಲ್ಲಿ ಇದೇ ಜಾಣತನ ತೋರಿದೆ. ಎಕ್ಸೆಲ್‌ನಲ್ಲಿ ಆಲ್ಟ್, ಇ, ಎಸ್ ಎಂದು 2003ರ ಕಾಲದ ಸರಣಿ ಒತ್ತಿದರೆ ಪೇಸ್ಟ್ ಸ್ಪೆಷಲ್ ಇವತ್ತಿಗೂ ತೆರೆಯುತ್ತದೆ. ಹಾಗಾಗಿ ಕೀಬೋರ್ಡಿನಲ್ಲಿ ಪಳಗಿದವರು ಎರಡೂ ಸಲ ಬಚಾವಾದರು. ಸಿಕ್ಕಿಬಿದ್ದವರು ಮೌಸ್ ಹಿಡಿದವರು. ಡಿಟಿಪಿ ಅಂಗಡಿಯಲ್ಲಿ ಟೇಬಲ್ ಗೆರೆ, ಮಾರ್ಜಿನ್ನು, ಲೀಗಲ್ ಸೈಜು, ಹೆಡರ್ ಎಂದು ದಿನವಿಡೀ ಮೌಸಿನದೇ ಕೆಲಸ.

ಹಿಂದಿರುಗುವ ದಾರಿ ಇದೆಯೇ

ಲಿಬ್ರೆ ಆಫೀಸಿನವರು ಈ ಜಗಳಕ್ಕೆ ಬೇರೆ ಉತ್ತರ ಕೊಟ್ಟರು. 2017ರಲ್ಲಿ ರಿಬ್ಬನ್ ಮಾದರಿಯ ಪಟ್ಟಿಯನ್ನು ಪ್ರಯೋಗಕ್ಕೆ ಬಿಟ್ಟು, 2019ರ 6.2 ಆವೃತ್ತಿಯಲ್ಲಿ ಅದನ್ನು ಎಲ್ಲರಿಗೂ ತೆರೆದರು. ಹಳೆಯ ಮೆನು, ಟೂಲ್‌ಬಾರ್ ತೆಗೆಯಲಿಲ್ಲ. ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ತೆರೆದು ಬೇಕಾದ ಮುಖ ಆರಿಸಿಕೊಳ್ಳಬಹುದು. ಕೇಳಲು ಚೆಂದ. ಆದರೆ ಆಯ್ಕೆಗೂ ಬೆಲೆಯಿದೆ: ಎರಡು ಮುಖಗಳನ್ನೂ ಯಾರೋ ದುರಸ್ತಿ ಮಾಡುತ್ತಿರಬೇಕು, ಒಂದೇ ಕಚೇರಿಯ ನಾಲ್ಕು ಯಂತ್ರಗಳಲ್ಲಿ ನಾಲ್ಕು ಮುಖ ಇದ್ದರೆ ಪಕ್ಕದ ಮೇಜಿನವನೂ ಸಹಾಯ ಮಾಡಲಾರ. ಇಷ್ಟಾದರೂ ಇಲ್ಲಿನ ಸಣ್ಣ ಅಂಗಡಿಗೆ ಈ ದಾರಿ ಹೆಚ್ಚು ಸರಿ; ಅಲ್ಲಿ ಯಂತ್ರವೂ ಒಂದೇ, ಕೈಯೂ ಒಂದೇ.

ಮೈಕ್ರೋಸಾಫ್ಟ್‌ನಲ್ಲಿ ದಾರಿಗಳು ಇಲ್ಲವೆಂದಲ್ಲ, ಅವು ಕಣ್ಣಿಗೆ ಬೀಳುವುದಿಲ್ಲ. ಎಫ್12 ಒತ್ತಿದರೆ ಒನ್‌ಡ್ರೈವ್ ಗೊಡವೆಯಿಲ್ಲದೆ ಹಳೆಯ ಸೇವ್ ಆ್ಯಸ್ ಪೆಟ್ಟಿಗೆ ತೆರೆಯುತ್ತದೆ. ಆಪ್ಷನ್ಸ್‌ನ ಸೇವ್ ಪುಟದಲ್ಲಿ, ಸದಾ ಕಂಪ್ಯೂಟರಿನಲ್ಲೇ ಉಳಿಸು ಎಂಬ ಗುರುತು ಹಾಕಬಹುದು. ಮರೆಯಾದ ಕ್ವಿಕ್ ಆಕ್ಸೆಸ್ ಪಟ್ಟಿಯನ್ನು ರಿಬ್ಬನ್ ಮೇಲೆ ಬಲ ಕ್ಲಿಕ್ ಮಾಡಿ ಮರಳಿ ತರಬಹುದು. ಒಂದು ಯಂತ್ರದಲ್ಲಿ ಜೋಡಿಸಿದ್ದನ್ನು ಎಕ್ಸ್‌ಪೋರ್ಟ್ ಮಾಡಿ ಇನ್ನೊಂದಕ್ಕೆ ಹಾಕಲೂ ಬರುತ್ತದೆ.

ದಾರಿ ಇಟ್ಟೂ ತೋರಿಸದಿರುವುದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ಪ್ರಕರಣ ನೋಡಬೇಕು. ಕೋಪೈಲಟ್ ಸೇರಿಸಿ ಚಂದಾ ದರ ಏರಿಸಿದಾಗ, ಕೋಪೈಲಟ್ ಇಲ್ಲದ ಹಳೆಯ ದರದ ಕ್ಲಾಸಿಕ್ ಯೋಜನೆ ಇದೆಯೆಂದು ಸುಮಾರು 27 ಲಕ್ಷ ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಅಲ್ಲಿನ ಸ್ಪರ್ಧಾ ಮತ್ತು ಗ್ರಾಹಕ ಆಯೋಗ 2025ರ ಅಕ್ಟೋಬರ್‌ನಲ್ಲಿ ಕಂಪನಿಯ ಮೇಲೆ ದಾವೆ ಹೂಡಿತು. ಪರದೆಯ ವಿನ್ಯಾಸ ಬರೀ ಅಂದಚಂದದ ಮಾತಾಗಿ ಉಳಿದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒತ್ತಡ ಕೆಲಸ ಮಾಡುವುದೂ ಉಂಟು. ವಿಂಡೋಸ್ 11ರ ಬಲ ಕ್ಲಿಕ್ ಮೆನುವಿನಲ್ಲಿ ಕಟ್, ಕಾಪಿ, ಪೇಸ್ಟ್ ಹೆಸರುಗಳನ್ನು ತೆಗೆದು ಚಿತ್ರಗಳನ್ನಷ್ಟೇ ಇಟ್ಟಿದ್ದರು. 2024ರ ಆವೃತ್ತಿಯಲ್ಲಿ ಚಿತ್ರದ ಜೊತೆ ಹೆಸರು ಬಂತು.

ಮುಂದೇನಾಗಬಹುದು

ಸರ್ಕಾರಿ ಕಚೇರಿಗಳಲ್ಲಿ ಇದರ ಪರಿಣಾಮ ಮೆಲ್ಲಗೆ, ಆದರೆ ಆಳವಾಗಿ ಆಗುತ್ತದೆ. ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂದದ್ದು 2012ರಲ್ಲಿ. ಆ ಪರೀಕ್ಷೆ ಒಮ್ಮೆ ಪಾಸಾದರೆ ಮುಗಿಯಿತು. ಪರದೆ ಮಾತ್ರ ಮತ್ತೆ ಮತ್ತೆ ಬದಲಾಗುತ್ತದೆ, ಬದಲಾದಾಗ ಕೂರಿಸಿ ಹೇಳಿಕೊಡುವವರಿಲ್ಲ. ಹೀಗಾದಾಗ ಹಿರಿಯ ಗುಮಾಸ್ತರು ಸುಮ್ಮನೆ ಹಿಂದೆ ಸರಿಯುತ್ತಾರೆ, ಟಿಪ್ಪಣಿಯಿಂದ ಹಿಡಿದು ಪತ್ರದ ತನಕ ಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಮೇಜಿಗೆ ಹೋಗುತ್ತದೆ. ನಿಯಮ ಬಲ್ಲವನ ಕೈಯಲ್ಲಿ ಕಡತವಿಲ್ಲ, ಕಡತ ಕೈಯಲ್ಲಿರುವವನಿಗೆ ನಿಯಮ ತಿಳಿದಿರಬೇಕಿಲ್ಲ. ಆ ಆಪರೇಟರ್ ರಜೆ ಹಾಕಿದ ದಿನ ಕಚೇರಿಗೆ ಬಂದವನು ನಾಳೆ ಬಾ ಎನಿಸಿಕೊಂಡು ಹೋಗುತ್ತಾನೆ.

ಅಂಗಡಿಗಳಲ್ಲಿ ಎರಡು ದಾರಿ ಕಾಣುತ್ತವೆ. ಒಂದಷ್ಟು ಜನ ಬೆಂಬಲವಿಲ್ಲದ ಹಳೆಯ ಆವೃತ್ತಿಯಲ್ಲೇ, ಕೆಲವರು ನಕಲಿ ಪ್ರತಿಯಲ್ಲೇ ಮುಂದುವರಿಯುತ್ತಾರೆ. ಗಿರಾಕಿಗಳ ಪೆನ್ ಡ್ರೈವ್ ದಿನವಿಡೀ ಹಾಯುವ ಯಂತ್ರದಲ್ಲಿ ಇದು ಸಣ್ಣ ಅಪಾಯವಲ್ಲ. ಆಧಾರ್, ಪಹಣಿ, ಅಂಕಪಟ್ಟಿಗಳೆಲ್ಲ ಅದರಲ್ಲೇ ಇರುತ್ತವೆ. ಉಳಿದವರು ಒಮ್ಮೆ ಹಣ ಕೊಟ್ಟು ಕೊಳ್ಳುವ ಆಫೀಸ್ 2024ಕ್ಕೋ ಲಿಬ್ರೆ ಆಫೀಸಿಗೋ ಹೊರಳಬಹುದು. ಆಫೀಸ್ 2024ರಲ್ಲಿ ಹೊಸ ನೋಟವಿದೆ, ಕೋಪೈಲಟ್ ಇಲ್ಲ, ತಿಂಗಳಿಗೊಮ್ಮೆ ಪರದೆ ಕದಲುವುದೂ ಇಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ತನ್ನ ಅಧಿಕಾರಿಗಳಿಗೆ ಭಾರತದ ಜೋಹೋ ಕಂಪನಿಯ ಆಫೀಸ್ ಸಾಫ್ಟ್‌ವೇರ್ ಬಳಸಲು ಸೂಚಿಸಿತು. ಅಂಥ ಸೂಚನೆ ಜಿಲ್ಲೆಗಳ ತನಕ ಇಳಿದು ಬಂದರೆ ಬದಲಾಗುವುದು ಬರೀ ಬಟನ್ ಅಲ್ಲ, ಇಡೀ ಸಾಫ್ಟ್‌ವೇರ್.

ಬದಲಿಸುವುದಾದರೆ ಯಾವಾಗ

ಗಮನದಲ್ಲಿಡಬೇಕಾದ ದಿನ 2026ರ ಅಕ್ಟೋಬರ್ 13. ವಿಂಡೋಸ್ 10ರ ಮನೆ ಬಳಕೆದಾರರಿಗೆ ಕೊಟ್ಟಿರುವ ಹೆಚ್ಚುವರಿ ಭದ್ರತಾ ಅವಧಿ ಅಂದಿಗೆ ಮುಗಿಯುತ್ತದೆ, ಆಫೀಸ್ 2021ರ ಬೆಂಬಲವೂ ಅಂದೇ ಕೊನೆ. ಕೊನೆಯ ತನಕ ಕಾದರೆ ಹೊಸ ಪರದೆ ಕಲಿಯುವ ಹೊತ್ತಿಗೆ ಡಿಸೆಂಬರ್ ಬಂದು ಗಂಜಿಗೆ ತೊಗರಿ ಶುರುವಾಗಿರುತ್ತದೆ. ಜನವರಿಯಿಂದ ಮಾರ್ಚ್ 31ರ ತನಕ ಖಜಾನೆ ಬಿಲ್ಲುಗಳ ಧಾವಂತದಲ್ಲಿ ಸರ್ಕಾರಿ ಕಚೇರಿಗಳಿಗೆ ಬಿಡುವಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಲಬುರಗಿ ವಿಭಾಗದ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ ನಡೆಯುವ ರೂಢಿ. ಆ ಐದೂವರೆ ತಾಸಿನಲ್ಲಿ ತರಬೇತಿಗೆ ಜಾಗವಿಲ್ಲ. ಉಳಿಯುವುದು ಜೂನ್‌ನಿಂದ ಸೆಪ್ಟೆಂಬರ್. ಬಿತ್ತನೆ ಮುಗಿದು ಗಂಜು ತಣ್ಣಗಿರುವ ಆ ದಿನಗಳಲ್ಲಿ ಒಂದು ಯಂತ್ರಕ್ಕೆ ಮೊದಲು ಹೊಸದು ಹಾಕಿ, ಆಟೋಕರೆಕ್ಟ್, ಪೇಸ್ಟ್, ಸೇವ್ ಮೂರೂ ಸೆಟ್ಟಿಂಗ್ ಸರಿಮಾಡಿ, ಪಕ್ಕದ ಯಂತ್ರದಲ್ಲಿ ಹಳೆಯದನ್ನು ಹಾಗೇ ಇಟ್ಟುಕೊಂಡು ಎರಡರಲ್ಲೂ ಕೆಲಸ ಮಾಡಿ ನೋಡಬಹುದು. ನುಡಿಯ ಹಳೆಯ ನಮೂನೆಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಲೂ ಅದೇ ಹೊತ್ತು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತು ತಪ್ಪುವುದುಂಟು, ಒಂದೊಂದು ಪುಟವನ್ನೂ ಕಣ್ಣಿಟ್ಟು ತಿದ್ದಬೇಕಾಗುತ್ತದೆ.